ಲೇಬಲ್ ಕತ್ತರಿಸುತ್ತಿದ್ದ ಆಂಟಿ

ಪಾಸಿರ್ ರಿಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ, ಹೊಸ ಬಟ್ಟೆ ಕೈಗೆ ಬಂದರೆ ಮೊದಲು ಅದರ ಲೇಬಲ್ ಕತ್ತರಿಸುತ್ತಿದ್ದರು. ನಾನು ಉಡುಗೊರೆ ಕೊಟ್ಟ ರೇಷ್ಮೆ ಶಾಲಿಗೂ ಅದೇ ಗತಿಯಾಯಿತು.

“ಆಂಟೀ, ಅದು ಇಟಲೀದು! ಇನ್ಯಾರು ನಂಬ್ತಾರೆ?”

“ಸಾರಿ ಕಣೆ, ಕೈ ಅಭ್ಯಾಸ,” ಎಂದು ಎಂದಿನಂತೆ ನಕ್ಕರು.

ಅವರು ಬೆಳೆದದ್ದು ರೊಡೇಷಿಯಾದಲ್ಲಿ. ಆಗ ಅಲ್ಲಿ ಬೆರಳೆಣಿಕೆಯ ಬಿಳಿಯರು ಕಪ್ಪು ಜನರ ದೇಶವನ್ನು ಆಳುತ್ತಿದ್ದರು. ಅದಕ್ಕೇ ಜಗತ್ತು ಆ ದೇಶದೊಡನೆ ವ್ಯಾಪಾರ ನಿಲ್ಲಿಸಿತ್ತು.

“ಆದ್ರೂ ಪಕ್ಕದ ದೇಶದಿಂದ ಕದ್ದುಮುಚ್ಚಿ ಎಲ್ಲಾ ಬರ್ತಿತ್ತು. ಎಲ್ಲಿಯ ಮಾಲು ಅಂತ ಗೊತ್ತಾಗದ ಹಾಗೆ ಅಪ್ಪನ ಅಂಗಡೀಲಿ ಲೇಬಲ್ ಕತ್ತರಿಸ್ತಿದ್ದಿದ್ದು ನಾನೇ!”

“ಹಾಗಾದ್ರೆ ಆ ಸರ್ಕಾರ ಬಿದ್ದಿದ್ದು ಹೇಗೆ?”

ಆಂಟಿ ಶಾಲು ಹೊದ್ದು ಕನ್ನಡಿ ನೋಡಿಕೊಂಡರು.

“ಹೊರಗಿನೋರು ಮಾಲು ಕೊಡಲ್ಲ ಅಂದಾಗ ಸರ್ಕಾರದೋರು ಹೇಗೋ ಮ್ಯಾನೇಜ್ ಮಾಡಿದ್ರು. ಒಳಗಿನ ಜನಾನೇ ಒಪ್ಪಲ್ಲ ಅಂತ ಎದ್ದು ನಿಂತಾಗ? ಒಪ್ಪಿಗೇನ ಸ್ಮಗಲ್ ಮಾಡಕ್ಕಾಗತ್ತೇನೆ?”