ಪಕ್ಕದ ಮನೆಯ ಮುಖ್ಯಮಂತ್ರಿ

ಅವರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಟೀ ಕಪ್ಪು ಹಿಡಿದರೆ ಅದೊಂದು ಮಾತ್ರ ಸೆಟೆದು ಹೊರಗೆ ನಿಲ್ಲುತ್ತಿತ್ತು. ಮೊದಲ ಸಲ ನೋಡಿದಾಗ ಇದು ದೊಡ್ಡವರು ಟೀ ಕುಡಿಯುವ ಗತ್ತಿರಬೇಕು ಎಂದುಕೊಂಡು ಒಳಗೊಳಗೇ ನಕ್ಕಿದ್ದೆ. ಹುಡುಗನಾಗಿದ್ದಾಗ ಅಪ್ಪನ ಮೀನಿನ ದೋಣಿಯಲ್ಲಿ ಹಗ್ಗಕ್ಕೆ ಸಿಕ್ಕಿ ಮುರಿದ ಬೆರಳು ಅದು ಎಂದು ಗೊತ್ತಾಗಿದ್ದು ಆಮೇಲೆ.

ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಮ್ಮ ಮನೆಯಲ್ಲಿ ಅಡುಗೆಗೆ ಇಂಗು ಹಾಕಿದರೆ ಅವರಿಗೆ ತಿಳಿಯುತ್ತಿತ್ತು, ಅವರು ರೇಡಿಯೋಗೆ ಬೈದರೆ ನಮಗೆ ಕೇಳಿಸುತ್ತಿತ್ತು. ಕೆನಡಾದ ಒಂದು ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದವರು. ಅಲ್ಲಿಂದ ಒಟ್ಟಾವಕ್ಕೆ ಹೋಗಿ ಕೇಂದ್ರದಲ್ಲಿ ಮಂತ್ರಿಯಾದವರು. ಹೆಂಡತಿಯ ಊರು ಇದು. ಎಲ್ಲ ಮುಗಿದ ಮೇಲೆ ಆಕೆಯ ಜೊತೆ ಬಂದು, ಆಕೆ ಹೋದ ಮೇಲೂ ಇಲ್ಲೇ ಉಳಿದರು. ನನ್ನ ಗಂಡನಿಗಂತೂ ಅವರು ಮುಖ್ಯಮಂತ್ರಿಗಳೇ. "ನೋಡೇ, ಮುಖ್ಯಮಂತ್ರಿಗಳು ಕಸದ ಬಿನ್ ಎಳ್ಕೊಂಡು ಹೋಗ್ತಿದಾರೆ" ಎಂದು ಕಿಟಕಿಯಿಂದ ವರದಿ ಕೊಡುತ್ತಿದ್ದ.

ಒಮ್ಮೆ ನಾನೇ ಕೇಳಿದೆ, ಮುಖ್ಯಮಂತ್ರಿ ಪದವಿ ಬಿಟ್ಟು ಹತ್ತರ ಜೊತೆ ಹನ್ನೊಂದನೆಯವರಾಗಿ ಕೂರಲು ಯಾಕೆ ಹೋದಿರಿ ಎಂದು. ಅವರು ಆಡುತ್ತಿದ್ದದ್ದು ಇಂಗ್ಲಿಷ್, ನನ್ನ ಕಿವಿಯಲ್ಲಿ ಉಳಿದಿರುವುದು ಕನ್ನಡ: "ದೊಡ್ಡ ಮೇಜಿನ ಹತ್ರ ಕೂತ್ರೆ ನಮ್ಮೋರಿಗೆ ದೊಡ್ಡ ಒಳ್ಳೇದು ಮಾಡ್ಬಹುದು ಅಂದ್ಕೊಂಡೆ. ಊರಲ್ಲಿ ಕೊನೇ ಮಾತು ನಂದೇ ಆಗಿರ್ತಿತ್ತು. ಅಲ್ಲಿ ನನ್ನ ಸರದಿ ಬರೋ ಹೊತ್ತಿಗೆ ಕಾಫಿ ಆರಿ ಹೋಗಿರ್ತಿತ್ತು." ಹೇಳಿ ನಕ್ಕರು. ಅದು ಪೂರ್ತಿ ನಗು ಆಗಿರಲಿಲ್ಲ.

ನಮ್ಮ ಕನ್ನಡ ಸಂಘದ ಗಣೇಶನಿಗೆ ಅವರು ಪ್ರತಿ ವರ್ಷ ಬರುತ್ತಿದ್ದರು. ಸಭಾಭವನದಿಂದ ನದಿ ಪಕ್ಕದ ಪಾರ್ಕಿನವರೆಗೆ ಮೆರವಣಿಗೆ, ಅಲ್ಲಿ ದೊಡ್ಡ ಟಬ್ಬಿನಲ್ಲಿ ವಿಸರ್ಜನೆ. ನನ್ನ ಮಗಳು ಡೋಲು ಬಾರಿಸುತ್ತಿದ್ದಳು. ಇವರು ಕೋಟು ತೊಟ್ಟು, ಹಣೆಗೆ ಕುಂಕುಮ ಇಡಿಸಿಕೊಂಡು, ಮಕ್ಕಳ ಸಾಲಿನ ಹಿಂದೆ ನಡೆಯುತ್ತಿದ್ದರು. "ಮೆರವಣಿಗೆಯಲ್ಲಿ ಮುಂದೆ ನಡೆದು ನಡೆದು ಸಾಕಾಗಿದೆ" ಎನ್ನುತ್ತಿದ್ದರು.

ನಾನು ಸಂಘದ ಅಧ್ಯಕ್ಷೆಯಾದ ವರ್ಷವೇ ಕೆಟ್ಟ ಕಾಲ ಬಂತು. ನಮ್ಮವರ ಮೇಲೆ ಅಲ್ಲಲ್ಲಿ ಕೈ ಮಾಡುತ್ತಿದ್ದಾರೆಂಬ ಸುದ್ದಿ ಡಬ್ಲಿನ್ ಕಡೆಯಿಂದ ಬರುತ್ತಲೇ ಇತ್ತು. ಒಂದು ಸಂಜೆ ನಮ್ಮ ಸಮಿತಿಯ ಸದಸ್ಯೆಯೊಬ್ಬಳ ಗಂಡನನ್ನು ಬಸ್ ಸ್ಟಾಪಿನಲ್ಲಿ ಕೆಡವಿ ದವಡೆ ಒಡೆದರು. ಮೈಸೂರಿನ ಹುಡುಗ, ಯಾರಿಗೂ ಎದುರಾಡಿದವನಲ್ಲ. ಈ ಸಲ ಮೆರವಣಿಗೆ ಮಾಡಬೇಕೇ, ಭವನದೊಳಗೇ ಬಾಗಿಲು ಹಾಕಿಕೊಂಡು ಪೂಜೆ ಮುಗಿಸಬೇಕೇ ಎಂದು ಸಮಿತಿ ಕೂತಿತು. ಅವನ ಹೆಂಡತಿ, ಆ ಹುಡುಗಿ, ಬೀದಿಗಿಳಿಯುವುದು ಬೇಡವೆಂದು ಅತ್ತಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕೈ ಎತ್ತಿಸಿದೆವು. ಒಳಗೇ ಮಾಡುವುದೆಂದಾಯಿತು.

ಮನೆಗೆ ಬರುವಾಗ ನನ್ನ ಮುಖ ಉರಿಯುತ್ತಿತ್ತು. ಅವರು ಗೇಟಿನ ಹತ್ತಿರ ಗುಲಾಬಿ ಕತ್ತರಿಸುತ್ತಿದ್ದರು. ನಡೆದದ್ದನ್ನೆಲ್ಲ ಸುರಿದೆ. "ಭಾನುವಾರ ಎಲ್ರ ಮುಂದೆ ನಾನೇ ಹೇಳ್ಬೇಕಂತೆ. ಹೇಳ್ತೀನಿ, ಆದ್ರೆ ನನ್ನ ಕೈ ಮಾತ್ರ..." ಎನ್ನುವಷ್ಟರಲ್ಲಿ ಅವರು ಬಲಗೈ ಎತ್ತಿದರು. ಆ ಸೆಟೆದ ಬೆರಳು ನನ್ನ ಮುಖದ ಮುಂದೆ ನಿಂತಿತು.

"ಬೇಡ. ನನಗೂ ಹೇಳ್ಬೇಡ. ಒಬ್ರಿಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ."

ಆಮೇಲೆ ಕತ್ತರಿಯನ್ನು ಗೋಡೆಯ ಮೇಲಿಟ್ಟು ತಮ್ಮ ಕತೆ ಹೇಳಿದರು. ಅವರು ಹುಟ್ಟಿದ ಬಂದರಿನಲ್ಲಿ ಬದುಕೆಂದರೆ ಮೀನು. ಮುಖ್ಯಮಂತ್ರಿಯಾಗಿದ್ದಾಗ ಅಲ್ಲಿನವರಿಗೆ ಮಾತು ಕೊಟ್ಟಿದ್ದರು, ನಿಮ್ಮ ದೋಣಿ ನಿಲ್ಲುವುದಿಲ್ಲ ಎಂದು. ಇವರು ಒಟ್ಟಾವಕ್ಕೆ ಹೋದ ಮೇಲೆ, ಇವರೂ ಇದ್ದ ಕೇಂದ್ರದ ಸಚಿವ ಸಂಪುಟವೇ ಆ ನೀರಿನಲ್ಲಿ ಮೀನುಗಾರಿಕೆ ನಿಲ್ಲಿಸಲು ತೀರ್ಮಾನಿಸಿತು. ಆ ಪ್ರಾಂತ್ಯದಿಂದ ಬಂದ ಮಂತ್ರಿ ಎಂಬ ಕಾರಣಕ್ಕೆ, ಅದನ್ನು ಹೇಳಿ ಬರಲು ಇವರನ್ನೇ ಕಳಿಸಿತು. ಸಂಪುಟದ ಒಳಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಬಾಗಿಲು ದಾಟಿದ ಮೇಲೆ ಎಲ್ಲರದೂ ಒಂದೇ ಬಾಯಿ. ಒಪ್ಪದಿದ್ದರೆ ರಾಜೀನಾಮೆ ಕೊಟ್ಟು ಹೋಗಬೇಕು. ಉಳಿದರೆ ಮೀನುಗಾರರ ಪರಿಹಾರಕ್ಕಾಗಿ ಒಳಗಿದ್ದೇ ಕಾದಾಡಬೇಕು. ಇವರು ಉಳಿದರು.

"ಬಂದರಿನ ಸಭಾಭವನದಲ್ಲಿ ನಿಂತು ಹೇಳ್ದೆ. ಯಾರೂ ಕೂಗ್ಲಿಲ್ಲ. ಒಬ್ರು ಎದ್ದು ಕುರ್ಚಿ ತಿರುಗಿಸಿ ನನಗೆ ಬೆನ್ನು ಹಾಕಿ ಕೂತ್ರು. ಆಮೇಲೆ ಎಲ್ರೂ ಹಾಗೇ ಮಾಡಿದ್ರು. ಮೊದ್ಲು ತಿರುಗಿಸಿದ್ದು ನಮ್ಮಣ್ಣ."

"ನೀವು ಒಳಗೆ ವಿರೋಧಿಸಿದ್ರಾ?" ಎಂದು ಕೇಳಿದೆ.

ಅವರು ಗುಲಾಬಿ ಗಿಡ ನೋಡಿದರು. "ನಾವು ತೀರ್ಮಾನ ಮಾಡಿದ್ವಿ" ಎಂದರು. ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡು, "ನೀನು ಭಾನುವಾರ 'ನಾನಲ್ಲ' ಅಂದ್ರೆ, ಜನ ಮುಂದೆ ಏನು ಕೇಳ್ತಾರೆ? 'ಮತ್ಯಾರು' ಅಂತ. ಅದಕ್ಕೆ ಉತ್ತರ ಕೊಡೋಕೆ ಆ ಹುಡುಗಿ ಎದ್ದು ನಿಲ್ಬೇಕಾಗುತ್ತೆ" ಎಂದರು.

ಭಾನುವಾರ ಮಧ್ಯಾಹ್ನ ಭವನ ತುಂಬಿತ್ತು. ಅವರು ಕೊನೆಯ ಸಾಲಿನಲ್ಲಿ ಬಂದು ಕೂತರು. ಕನ್ನಡದಲ್ಲಿ ನಮಸ್ಕಾರ ಬಿಟ್ಟರೆ ಒಂದು ಪದವೂ ಬಾರದು, ಆದರೂ ಬಂದರು. ನಾನು ತೀರ್ಮಾನ ಹೇಳಿದ್ದೇ ತಡ, ಬೆಂಗಳೂರಿನ ಒಬ್ಬರು ಎದ್ದರು. "ಹೆದ್ರಿಕೊಂಡು ಮನೇಲಿ ಕೂರೋದಾದ್ರೆ ಸಂಘ ಯಾಕ್ರೀ? ಯಾರ್ರೀ ಇದನ್ನ ಕೇಳಿದ್ದು, ಹೆಸರು ಹೇಳಿ!" ಇನ್ನೊಬ್ಬರು ಕುರ್ಚಿಯಿಂದಲೇ, "ಅಧ್ಯಕ್ಷರೇ, ನಿಮ್ಮ ವೋಟ್ ಯಾವ ಕಡೆ? ಅದನ್ನಾದ್ರೂ ಹೇಳಿ" ಎಂದರು.

ಎರಡನೆಯ ಸಾಲಿನಲ್ಲಿ ಆ ಹುಡುಗಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಅವಳ ಗಂಡ, ದವಡೆಗೆ ತಂತಿ ಕಟ್ಟಿಸಿಕೊಂಡು, ನೆಲ ನೋಡುತ್ತಿದ್ದ. ಗೋಡೆಗೆ ಒರಗಿ ನಿಂತಿದ್ದ ನನ್ನ ಮಗಳು ಡೋಲನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಉತ್ತರ ಬಾಯಲ್ಲಿ ಬಿಸಿತುಪ್ಪದಂತೆ ಇತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಒಂದೇ ವಾಕ್ಯ ಆಡಿದ್ದರೆ ಅರ್ಧ ಭವನ ಚಪ್ಪಾಳೆ ತಟ್ಟುತ್ತಿತ್ತು, ಮಗಳೂ ತಟ್ಟುತ್ತಿದ್ದಳು. ಕೊನೆಯ ಸಾಲಿನತ್ತ ನೋಡಿದೆ. ಅವರು ಕಣ್ಣು ಮಿಟುಕಿಸಲಿಲ್ಲ.

"ನಾವು ತೀರ್ಮಾನ ಮಾಡಿದೀವಿ. ನಾವು ಅಂದ್ರೆ ಸಮಿತಿ. ಬೈಯೋದಿದ್ರೆ ನಾನಿದೀನಿ, ನನ್ನನ್ನ ಬೈಯಿರಿ" ಎಂದೆ.

ಬೈದರು. ಕೆಲವರು ಎದ್ದು ಹೋದರು. ಮಗಳು ಡೋಲನ್ನು ನೆಲದ ಮೇಲಿಟ್ಟು ಹೋಗುವಾಗ, "ಐ ಥಾಟ್ ಯು ವರ್ ಬ್ರೇವ್, ಅಮ್ಮಾ" ಎಂದಳು. ಆ ಮಾತಿಗೆ ಆದ ನೋವು ಇವತ್ತಿಗೂ ಹೋಗಿಲ್ಲ. ಎಲ್ಲರೂ ಹೋದ ಮೇಲೆ ಅವರು ಬಂದು ನನ್ನ ಜೊತೆ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದರು. ಕೊನೆಯದನ್ನು ಇಟ್ಟು, "ಯು ಆರ್ ಗ್ರಾಂಡ್" ಎಂದರು. ಇಲ್ಲಿನವರು 'ಪರವಾಗಿಲ್ಲ' ಎನ್ನಲು ದಿನಕ್ಕೆ ಹತ್ತು ಸಲ ಆಡುವ ಪದ ಅದು. ಇಷ್ಟು ವರ್ಷ ಈ ದೇಶದಲ್ಲಿದ್ದೂ ಆ ಪದಕ್ಕೆ ಅಷ್ಟು ತೂಕವಿದೆ ಎಂದು ನನಗೆ ಗೊತ್ತಿರಲಿಲ್ಲ.

ಈ ಚಳಿಗಾಲ ಅವರ ಹೃದಯ ನಿಂತಿತು. ಇಲ್ಲಿನ ರೂಢಿಯಂತೆ ದೇಹವನ್ನು ಮನೆಯ ಮುಂಕೋಣೆಯಲ್ಲೇ ಇಟ್ಟಿದ್ದರು. ಜಪಮಾಲೆ ಸುತ್ತಿದ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಆ ಕಿರುಬೆರಳು ಆಗಲೂ ಮಡಚಿರಲಿಲ್ಲ. ದವಡೆ ಒಡೆಸಿಕೊಂಡವನ ಹೆಂಡತಿ ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ತಂದು ಸ್ಯಾಂಡ್‌ವಿಚ್‌ಗಳ ಪಕ್ಕದಲ್ಲಿಟ್ಟಳು.

ಕೆನಡಾದಿಂದ ಬಂದಿದ್ದ ಅವರ ಮಗಳು ನನ್ನನ್ನು ಅಡುಗೆಮನೆಗೆ ಕರೆದಳು. "ಅಪ್ಪ ನಿಮ್ಮ ಹತ್ರ ತುಂಬ ಮಾತಾಡ್ತಿದ್ರಂತೆ. ಬಂದರಿನ ವಿಷಯದಲ್ಲಿ ಅವ್ರು ಒಳಗೆ ವಿರೋಧಿಸಿದ್ರಾ? ದೊಡ್ಡಪ್ಪ ಸಾಯೋವರೆಗೂ ಕೇಳ್ತಾನೇ ಇದ್ರು. ನಮಗ್ಯಾರಿಗೂ ಹೇಳ್ಲಿಲ್ಲ."

"ನನಗೂ ಹೇಳ್ಲಿಲ್ಲ" ಎಂದೆ. "ಕೇಳ್ದಾಗ ಒಂದೇ ಮಾತು, 'ನಾವು ತೀರ್ಮಾನ ಮಾಡಿದ್ವಿ' ಅಂತ."

ಆಕೆ ಸಿಂಕಿನ ಮೇಲೆ ಕೈಯೂರಿ ಅತ್ತಳು. ಬಾಗಿಲಲ್ಲಿ ನನ್ನ ಮಗಳು ಖಾಲಿ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವರ ಮಗಳು ಮುಂಕೋಣೆಗೆ ಹೋದ ಮೇಲೆ ಇವಳು ಹತ್ತಿರ ಬಂದು ಪಿಸುಗುಟ್ಟಿದಳು. "ಅಮ್ಮಾ, ದ ಪೆರೇಡ್. ಯು ವಾಂಟೆಡ್ ಇಟ್, ಡಿಡಂಟ್ ಯು?"

ಮುಂಕೋಣೆಯಲ್ಲಿ ಆ ಹುಡುಗಿ ಯಾರಿಗೋ ಚಿತ್ರಾನ್ನ ಬಡಿಸುತ್ತಿದ್ದಳು. "ಖಾರ ಇಲ್ಲ, ತಗೊಳ್ಳಿ" ಎನ್ನುವ ಅವಳ ದನಿ ಕೇಳುತ್ತಿತ್ತು.

"ನಾವು ತೀರ್ಮಾನ ಮಾಡಿದ್ವಿ, ಪುಟ್ಟಾ" ಎಂದೆ.

ಮಗಳು ನನ್ನ ಮುಖವನ್ನು ನೋಡುತ್ತಾ ನಿಂತಳು. ಆಮೇಲೆ ಕಪ್ಪುಗಳನ್ನು ಸಿಂಕಿಗೆ ಹಾಕಿ, ಅಂಗಿಯ ತೋಳು ಮಡಚಿ, ನನ್ನ ಪಕ್ಕದಲ್ಲಿ ನಿಂತು ತೊಳೆಯತೊಡಗಿದಳು.