ನಾನೇ ಹೊಣೆ

ರಾಜಗೋಪಾಲನಗರದ ಒಂದು ಸಣ್ಣ ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿ ಹದಿನಾಲ್ಕು ವರ್ಷ ಕೂತವಳು ನಾನು. ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸುವ ಕಾಗದ ಮೊದಲು ನಾಲ್ಕೇ ಸಾಲಿನದಾಗಿತ್ತು. ಯಾರೋ ನಮ್ಮ ಡಾಕ್ಟರ ಮೇಲೆ ಗ್ರಾಹಕರ ಕೋರ್ಟಿನಲ್ಲಿ ಕೇಸು ಹಾಕಿದ ಮೇಲೆ ಅದು ನಾಲ್ಕು ಪುಟವಾಯಿತು. ಕೇಸೇನೋ ಬಿದ್ದುಹೋಯಿತು, ಡಾಕ್ಟರಿಗೆ ಹಿಡಿದ ಭಯ ಬಿಡಲಿಲ್ಲ. ತಲೆನೋವೆಂದು ಬಂದವರಿಗೂ ಸ್ಕ್ಯಾನ್ ಬರೆಯತೊಡಗಿದರು. ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿಯುವ ಜನ ಆ ಚೀಟಿ ಹಿಡಿದು ನನ್ನ ಮುಖ ನೋಡಿದರೆ ನಾನು ಅವರ ಮೇಲೆಯೇ ರೇಗುತ್ತಿದ್ದೆ. ಡಾಕ್ಟರ ಮೇಲೆ ರೇಗುವ ಧೈರ್ಯ ನನಗೆಲ್ಲಿತ್ತು?

ಹೊಸ ಕಾಗದದ ಕೊನೆಯ ಸಾಲನ್ನು ಡಾಕ್ಟರ ವಕೀಲರು ಸೇರಿಸಿದ್ದರು: ಏನೇ ಅನಾಹುತವಾದರೂ ಅದಕ್ಕೆ ನಾನೇ ಹೊಣೆ. ಅದನ್ನು ಎಲ್ಲರಿಗೂ ಓದಿ ಹೇಳುವ ಕೆಲಸ ನನ್ನದು.

ಯಾದಗಿರಿ ಕಡೆಯ ಒಬ್ಬ, ಪ್ರೆಸ್ ಮಷೀನಿನ ಮೇಲೆ ಕೆಲಸ ಮಾಡುವವನು, ಹೆಂಡತಿಯ ಗರ್ಭಕೋಶದ ಆಪರೇಷನ್ನಿಗೆ ಬಂದಿದ್ದ. ನಾನು ಆ ಸಾಲನ್ನು ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ ಹಾಗೆ ಓದಿದೆ. ಆತ ಒಂದೊಂದು ಪದವನ್ನೂ ಕೇಳಿಸಿಕೊಂಡ.

"ಹೌದಲ್ರೀ ಮತ್ತ. ನನ್ನ ಹೆಂಡತಿ, ನಾನ ಹೊಣಿ," ಅಂದು ದೊಡ್ಡ ಅಕ್ಷರದಲ್ಲಿ ಹೆಸರು ಬರೆದ. ಹೆಮ್ಮೆಯಿಂದಲೇ ಬರೆದ.

ರಕ್ತಸ್ರಾವ ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ಆಕೆ ಹೋಗಿಬಿಟ್ಟಳು. ಡಾಕ್ಟರಿಂದ ತಪ್ಪಾಯಿತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಅವರು ತಮ್ಮ ರೂಮಿನಲ್ಲಿ ಕೂತು ಅತ್ತದ್ದನ್ನು ಕಂಡಿದ್ದೇನೆ. ಆಕೆಯ ಗಂಡನ ಜೊತೆ ಮಾತಾಡಲು ಎದ್ದ ಡಾಕ್ಟರನ್ನು ವಕೀಲರು ಫೋನಿನಲ್ಲೇ ತಡೆದರು. ಸಾರಿ ಅಂದರೂ ತಪ್ಪೊಪ್ಪಿಕೊಂಡ ಹಾಗಂತೆ, ಯಾರೂ ಬಾಯಿ ಬಿಡಕೂಡದಂತೆ.

ವಾರ ಕಳೆದು ಆತ ಬಂದ. ಜಗಳಕ್ಕೆ ಬಂದನೆಂದು ವಾಚ್‌ಮನ್ ಹತ್ತಿರ ಬಂದು ನಿಂತ.

"ಸೈ ಮಾಡಿದಾಂವ ನಾನ ಅಲ್ಲೇನ್ರೀ ಅಕ್ಕಾ? ನಾ ಮಾಡಿದ್ದಿಲ್ಲಂದ್ರ ಅಕಿ ಬದುಕತಿದ್ಲೇನ್ರೀ?"

ನಾನು ಕಂಪ್ಯೂಟರ್ ನೋಡುತ್ತ, ಡಾಕ್ಟರಿಲ್ಲ, ನಾಳೆ ಬನ್ನಿ ಅಂದೆ. ಆ ನನ್ನ ಮಾತು ನೆನೆದರೆ ಈಗಲೂ ಊಟ ಸೇರುವುದಿಲ್ಲ.

ಆಮೇಲೊಮ್ಮೆ ವಕೀಲರನ್ನೇ ಕೇಳಿದೆ. ಡಾಕ್ಟರ ತಪ್ಪಿದ್ದರೆ ಕೋರ್ಟಿನಲ್ಲಿ ಆ ಸಾಲಿಗೆ ಮೂರು ಕಾಸಿನ ಬೆಲೆ ಇಲ್ಲಮ್ಮ, ಸುಮ್ಮನೆ ಇರಲಿ ಅಂತ ಹಾಕಿದ್ದು ಎಂದು ನಕ್ಕರು. ಕಾನೂನು ಬದಲಾಗಬೇಕು, ಚಿಕಿತ್ಸೆ ಅಗ್ಗವಾಗಬೇಕು ಎಂದು ಟೀವಿಯಲ್ಲಿ ಕೋಟು ಹಾಕಿಕೊಂಡವರು ಚರ್ಚೆ ಮಾಡುತ್ತಾರೆ. ಆಗಲಿ, ಬೇಡ ಅಂದವರಾರು? ನೊಂದವರಿಗೆ ಪರಿಹಾರವೂ ಸಿಗಲಿ. ಆದರೆ ಏನಾಯಿತೆಂದು ಸತ್ತವಳ ಗಂಡನಿಗೆ ಹೇಳಿದ ತಪ್ಪಿಗೆ ಯಾರೂ ಕೇಸಿನಲ್ಲಿ ಸಿಕ್ಕಿಹಾಕಿಕೊಳ್ಳದಂತೆ ಮೊದಲು ಮಾಡಲಿ.

ಎಂಟು ತಿಂಗಳಾದ ಮೇಲೆ ಆತ ಮತ್ತೆ ಬಂದ, ಆತನ ಮನೆಗೆ ಹತ್ತಿರದ್ದು ನಮ್ಮದೇ. ಆರು ವರ್ಷದ ಮಗಳು ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಮತ್ತಿನ ಇಂಜೆಕ್ಷನ್ ಕೊಟ್ಟು ಮೂಳೆ ಕೂರಿಸಬೇಕು, ಅದಕ್ಕೂ ಅದೇ ಕಾಗದ. ಪೆನ್ನು ಕೊಟ್ಟೆ. ಆತ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮಗು ನೋವಿಗೆ ನರಳುತ್ತಿತ್ತು, ಆತ ಸಹಿ ಹಾಕಲೊಲ್ಲ.

ನಾನು ಟೇಬಲ್ ಬಿಟ್ಟು ಎದ್ದು ಹೋದೆ. ನಿಮ್ಮ ಸಹಿಯಿಂದ ಆಕೆ ಸಾಯಲಿಲ್ಲ, ಆ ಸಾಲಿಗೆ ಅರ್ಥವೇ ಇಲ್ಲ, ನಿಮ್ಮದೇನೂ ತಪ್ಪಿಲ್ಲ ಎಂದು ಎಲ್ಲರೆದುರೇ ಹೇಳಿದೆ.

ಆತ ನನ್ನ ಕಡೆ ತಿರುಗಿದ.

"ಆವತ್ತ ಯಾಕ ಹೇಳಲಿಲ್ರೀ ಅಕ್ಕಾ? ಎಂಟು ತಿಂಗಳಾತು, ಈ ಕೂಸಿನ ಮಕ ನೋಡಿ ಮಾತಾಡಿಲ್ಲ ನಾ."