ಗ್ರೀಸ್ ಹಚ್ಚಿದ ಸ್ಕ್ರೂ

ಭಾವ, ಅವತ್ತು ಆ ಕಾರು ನಿಂತದ್ದು ನಿಮ್ಮ ಕೈಯಿಂದಲ್ಲ. ನನ್ನಿಂದ.

ನಾಲ್ಕು ಮಳೆಗಾಲಗಳಿಂದ ಈ ಮಾತನ್ನು ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ನಿಮ್ಮೆದುರು ಕೂತಾಗ ಅದು ಹೊರಗೆ ಬರಲಿಲ್ಲ — ಹಾಗಾಗಿ ನಿಮ್ಮೆದುರು ಕೂರುವುದನ್ನೇ ಬಿಟ್ಟೆ. ಗಂಗೊಳ್ಳಿಯಿಂದ ಕಿರಿಮಂಜೇಶ್ವರ ಏನು ಮಹಾ ದೂರ? ಅಕ್ಕ ಫೋನ್ ಮಾಡಿ, "ಎಂತ ಮಾರಾಯ, ಒಂದಿನ ಊಟಕ್ಕ್ ಬಪ್ಪುಕ್ ಆತಿಲ್ಯಾ ನಿಂಗ್?" ಎಂದು ಬಯ್ಯುತ್ತಾಳೆ. ಶೆಡ್ಡಿನಲ್ಲಿ ಕೆಲಸ ಇದೆ ಎನ್ನುತ್ತೇನೆ. ಆ ಶೆಡ್ಡೂ ನಿಮ್ಮದು, ಕೆಲಸವೂ ನಿಮ್ಮದು.

ಬೋಟಿನವರಿಗೆಲ್ಲ ನೀವು ಎಂಜಿನ್ ಮೇಸ್ತ್ರಿ. ನಾನು ನಿಮ್ಮ ಹೆಂಡತಿಯ ತಮ್ಮ, ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುವವನು. ಇಪ್ಪತ್ತೆರಡು ವರ್ಷ ಹಾಗೇ ಹೋಯಿತು. ಆಮೇಲೆ ನಿಮಗೆ ಲಕ್ವ ಹೊಡೆಯಿತು. ಆರು ತಿಂಗಳಲ್ಲಿ ಬಲಗೈಗೆ ಬಲ ಬಂತು, ಆದರೆ ನಡುಕ ಪೂರ್ತಿ ಹೋಗಲಿಲ್ಲ. ಬೆರಳುಗಳಿಗೆ ಸಣ್ಣ ಸಣ್ಣ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಮುಂಬೈಯಿಂದ ನಿಮ್ಮ ಮಗಳು ಶ್ವೇತಾ ಆ ಪೆಟ್ಟಿಗೆ ಕಳಿಸಿದಳು. ರಿಮೋಟಿನಲ್ಲಿ ಓಡುವ ರೇಸ್ ಕಾರು, ಮೊಳದುದ್ದದ್ದು — ಆದರೆ ಪೆಟ್ಟಿಗೆಯಲ್ಲಿ ಕಾರೇ ಇಲ್ಲ! ಪೊಟ್ಟಣ ಪೊಟ್ಟಣ ಸ್ಕ್ರೂ, ಬೇರಿಂಗು, ಹಲ್ಲಿನ ಚಕ್ರ, ಬೆಲ್ಟು, ಒಂದು ದಪ್ಪ ಪುಸ್ತಕ. ನೀವು ಎಲ್ಲವನ್ನೂ ಊಟದ ಮೇಜಿನ ಮೇಲೆ ಸುರಿದು ಅಕ್ಕನ ಕೈಯಲ್ಲಿ ಬೈಸಿಕೊಂಡಿರಿ. ಮತ್ತೆ ನನ್ನತ್ತ ತಿರುಗಿ ಹೇಳಿದಿರಿ: "ನೀ ಓದಿ ಹೇಳ್. ಬಿಗಿಯು ಕೆಲ್ಸ ನಂದ್. ಇದ್ ಓಡ್ರೆ ಮಳೆಗಾಲ ಮುಗ್ದ್ ಕೂಡ್ಲೆ ಶೆಡ್ಡಿಗ್ ಬತ್ತೆ. ಓಡ್ದಿದ್ರೆ ಬತ್ತಿಲ್ಲೆ."

ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಡದಲ್ಲಿದ್ದ ದಿನಗಳು. ದಿನಾ ಮಧ್ಯಾಹ್ನ ನಿಮ್ಮ ಮನೆಗೆ ಬರುತ್ತಿದ್ದೆ. ಮದುವೆಯಾಗದ ನನಗೆ ಶೆಡ್ಡಿನ ಹಿಂದಿನ ಕೋಣೆಯೇ ಮನೆ. ಯಾರಾದರೂ ನನಗಾಗಿ ಕಾದು ಕೂತ ದಿನಗಳೆಂದರೆ ಅವೇ. ಒಂದು ಸ್ಕ್ರೂ ಹೋಗಲು ನಿಮಗೆ ಕೆಲವೊಮ್ಮೆ ಕಾಲು ಗಂಟೆ ಹಿಡಿಯುತ್ತಿತ್ತು. ಕೆಳಗೆ ಬಿದ್ದರೆ ಮೂವರೂ ಮೇಜಿನಡಿ ಹುಡುಕುತ್ತಿದ್ದೆವು. ನಾನೇ ಹಾಕುತ್ತೇನೆ ಎಂದರೆ ಗುರಾಯಿಸುತ್ತಿದ್ದಿರಿ. ಹಿಂದಿನ ಗೇರ್ ಬೆರಳು ತಾಗಿಸಿದ ಕೂಡಲೇ ಸರ್ರೆಂದು ತಿರುಗಿದ ದಿನ ನೀವು ಎಡಗೈಯಿಂದ ನಿಮ್ಮ ಬಲಗೈಯ ಬೆನ್ನು ತಟ್ಟಿದಿರಿ. ನಾನು ನಕ್ಕೆ. ಒಳಗೆಲ್ಲೋ ಹೊಟ್ಟೆಯುರಿಯಿತೋ ಏನೋ — ಅವತ್ತು ಅದನ್ನು ಗಮನಿಸಿದ್ದರೆ ಇವತ್ತು ಇದನ್ನು ಬರೆಯಬೇಕಾಗಿರಲಿಲ್ಲವೇನೋ.

ಈಗ ತಪ್ಪಿಗೆ ಬರುತ್ತೇನೆ. ಉಪ್ಪುಗಾಳಿಯಲ್ಲಿ ಕೆಲಸ ಮಾಡುವ ನಮಗೆ ಒಂದು ಚಾಳಿ: ಯಾವ ಬೋಲ್ಟೇ ಇರಲಿ, ಗ್ರೀಸ್ ಸವರದೆ ಹಾಕುವುದಿಲ್ಲ. ಹಾಗೇ ಹಾಕಿದರೆ ಮುಂದಿನ ವರ್ಷ ತುಕ್ಕು ಹಿಡಿದು ಬಿಚ್ಚಲಾಗುವುದಿಲ್ಲ. ಅದನ್ನು ಕಲಿಸಿದವರು ನೀವೇ. ಹಾಗಂತ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಮೋಟಾರಿನ ತಿರುಗುವ ಉಕ್ಕಿನ ದಂಡಕ್ಕೆ ಒಂದು ಪುಟ್ಟ ಹಲ್ಲುಚಕ್ರ ಕೂರಬೇಕು, ಅದನ್ನು ದಂಡಕ್ಕೆ ಒತ್ತಿ ಹಿಡಿದಿಡುವುದು ಅಕ್ಕಿಕಾಳಿನಷ್ಟಿದ್ದ, ತಲೆಯೇ ಇಲ್ಲದ ಒಂದು ಸ್ಕ್ರೂ. ಪುಸ್ತಕದಲ್ಲಿ ಆ ಪುಟದ ಮೂಲೆಯಲ್ಲಿ ಬರೆದಿತ್ತು — ಇದಕ್ಕೆ ಎಣ್ಣೆ, ಗ್ರೀಸ್ ತಾಗಬಾರದು, ತಾಗಿದರೆ ಓಡುವಾಗ ಅದುರಿ ಸಡಿಲವಾಗುತ್ತದೆ, ಒಣಗಿಸಿ ಅಂಟು ಹಚ್ಚಿ ಬಿಗಿಯಿರಿ. ಓದುವುದೊಂದೇ ನನಗಿದ್ದ ಕೆಲಸ. ಚಿತ್ರ ನೋಡಿದೆ, ಅಕ್ಷರ ಬಿಟ್ಟೆ. ಸ್ಕ್ರೂವನ್ನು ಗ್ರೀಸಿನಲ್ಲಿ ಅದ್ದಿ ನಿಮ್ಮ ಕೈಗೆ ಕೊಟ್ಟೆ. ನೀವು ತುಟಿ ಕಚ್ಚಿ, ಅಲೆನ್ ಕೀ ಹಿಡಿದು, ಬೆವರುತ್ತ ಬಿಗಿದಿರಿ.

ಓಡಿಸಿ ನೋಡಲು ಕಾರನ್ನು ಮೀನಿನ ಹರಾಜು ಕಟ್ಟೆಗೆ ಒಯ್ದೆವು. ಅಲ್ಲಿ ಮೀನಿಲ್ಲದ ಕಾಲ. ಮೇಲೆ ಮಾಡು, ಕೆಳಗೆ ನುಣ್ಣನೆ ಸಿಮೆಂಟು. ಬಲೆ ಹೆಣೆಯುತ್ತ ಕೂತಿದ್ದ ನಾಲ್ವರು ಬೋಟಿನವರೂ ಎದ್ದು ಬಂದರು. ಕಾರು ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು. ಅವರು ಶಿಳ್ಳೆ ಹಾಕಿದರು. ಮೂರನೆಯ ಸುತ್ತಿನ ತಿರುವಿನಲ್ಲಿ ಮೋಟಾರು ಕಿರ್ರೆಂದು ಕಿರುಚಿತು, ಕಾರು ಅಲ್ಲೇ ನಿಂತಿತು.

"ಹ್ವಾಯ್ ಮೇಸ್ತ್ರಿಗಳೇ, ಎಂತ ಆಯ್ತ್?" ಎಂದು ಅವರಲ್ಲೊಬ್ಬರು ಕೇಳಿದರು.

ನಾನು ಕಾರನ್ನು ಮಗುಚಿ ನೋಡಿದೆ. ಹಲ್ಲುಚಕ್ರ ದಂಡದ ಮೇಲೆ ಜಾರಿತ್ತು. ಸ್ಕ್ರೂ ಹೊರಬಂದಿತ್ತು, ಅದರ ಸುತ್ತ ಹಳದಿ ಗ್ರೀಸ್. ನನಗೆ ಒಡನೆ ಎಲ್ಲ ಅರ್ಥವಾಯಿತು. ಹೆಬ್ಬೆರಳಿನಿಂದ ಆ ಗ್ರೀಸನ್ನು ಒರೆಸಿದೆ. ಮತ್ತೆ ತಲೆಯೆತ್ತಿ, ನಾಲ್ವರಿಗೂ ಕೇಳುವ ಹಾಗೆ ಹೇಳಿದೆ:

"ಸ್ಕ್ರೂ ಸಡ್ಲ ಆಯ್ತ್ ಭಾವ. ಕೈ ಬಿಗಿ ಸಾಕಾಯ್ಲಿಲ್ಲ ಕಾಣತ್ತ್."

ಅಷ್ಟೇ. ನೀವು ಜಗಳ ಮಾಡಲಿಲ್ಲ, ನೋಡುತ್ತೇನೆ ಕೊಡು ಎಂದೂ ಕೇಳಲಿಲ್ಲ. ನಿಮ್ಮ ಬಲಗೈಯನ್ನು ನೋಡಿಕೊಂಡಿರಿ. "ಸಮುದ್ರದ್ ಮಧ್ಯ ಎಂಜಿನ್ ಹೀಂಗ್ ನಿಂತ್ರೆ ಜನ ಎಂತ ಮಾಡ್ತ್ರ್? ಸಾಕ್ ಮಾರಾಯ" ಎಂದಿರಿ. ಮರುದಿನ ಶೆಡ್ಡಿನ ಬೀಗದಕೈಯನ್ನೂ ಕಾರನ್ನೂ ಅಕ್ಕನ ಕೈಯಲ್ಲಿ ನನಗೆ ಕಳಿಸಿದಿರಿ.

ನಾಚಿಕೆಯಿಂದ ಹಾಗೆ ಹೇಳಿದೆ ಎಂದು ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡೆ. ಸುಳ್ಳು. ನಾಚಿಕೆಯಾಗಿದ್ದರೆ ಮರುದಿನ ಹೇಳಬಹುದಿತ್ತು, ಬೀಗದಕೈ ಹಿಂತಿರುಗಿಸಬಹುದಿತ್ತು. ಮಳೆಗಾಲ ಮುಗಿಯುತ್ತಲೇ ಬೋಟಿನವರು ನನ್ನನ್ನು ಮೇಸ್ತ್ರಿ ಎಂದು ಕರೆದರು — ಹಿತವಾಯಿತು ಭಾವ, ತುಂಬ ಹಿತವಾಯಿತು. ಆ ಹಿತ ಒಂದು ವರ್ಷವೂ ಬಾಳಲಿಲ್ಲ. ಎಂಜಿನ್ ಶಬ್ದ ಕೇಳಿ ರೋಗ ಹೇಳುತ್ತಿದ್ದವರು ನೀವು. ನಾನೀಗ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚುತ್ತೇನೆ. ಸರಿಯಾಯಿತಾ ಎಂದು ಕೇಳಲು ತಿರುಗಿದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಚಹಾ ತರಿಸಿದರೆ ಒಂದೇ ಗ್ಲಾಸು. ಈ ಒಂಟಿತನ ಯಾರೂ ನನ್ನ ಮೇಲೆ ಹೇರಿದ್ದಲ್ಲ, ನಾನೇ ಮಾಡಿಕೊಂಡದ್ದು.

ಕಾರು ಬೆಂಚಿನ ಕೆಳಗೇ ಇತ್ತು. ಮೊನ್ನೆ ಧೂಳು ಒರೆಸಿ ಮೋಟಾರು ಬಿಚ್ಚಿದೆ. ದಂಡದ ಮೇಲೆ, ಸ್ಕ್ರೂ ಒತ್ತಿದ ಜಾಗದಲ್ಲಿ, ಒಂದು ಗುಳಿ. ಉಕ್ಕಿನಲ್ಲಿ ಗುಳಿ ಬೀಳುವಷ್ಟು ಬಿಗಿದಿದ್ದಿರಿ! ನನ್ನ ಉಗುರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಭಾನುವಾರ ಬರುತ್ತೇನೆ. ಅದಕ್ಕೂ ಮೊದಲು ಆ ನಾಲ್ವರು ಬೋಟಿನವರಿಗೆ ಹೇಳುತ್ತೇನೆ. ಅವರೆದುರು ಆಡಿದ ಸುಳ್ಳನ್ನು ಅವರೆದುರೇ ತೆಗೆಯಬೇಕು. ಮತ್ತೆ ಕಾರು, ಬೀಗದಕೈ, ಒಣಗಿಸಿದ ಸ್ಕ್ರೂ ಹಿಡಿದು ನಿಮ್ಮ ಊಟದ ಮೇಜಿಗೆ ಬರುತ್ತೇನೆ. ನೀವು ಬೈಯಿರಿ, ಬಾಗಿಲು ಹಾಕಿ, ಏನು ಮಾಡಿದರೂ ಸರಿ. ನಾಲ್ಕು ವರ್ಷ ಸುಮ್ಮನೆ ಕೂತ ಆ ಕೈಗೆ ಈಗ ನಿಜವಾಗಿಯೂ ಬಿಗಿಯಲು ಆಗದೇ ಹೋಗಬಹುದು — ಆದರೆ ಅದಕ್ಕೂ ಕಾರಣ ನಾನೇ. ನಿಮ್ಮ ಬೆರಳು ಹಿಡಿದು ಆ ಗುಳಿಯ ಮೇಲೆ ಇಡಬೇಕು, ಭಾವ. ನಿಮ್ಮ ಕೈ ಸೋತಿರಲಿಲ್ಲ ಎನ್ನುವುದು ಇಷ್ಟು ವರ್ಷ ನನಗೊಬ್ಬನಿಗೇ ಗೊತ್ತಿತ್ತು.